ಮುತ್ಯಾ ತಿರುವದ ಹಾಳೆ

ನೀವು ಇದನ್ನು ನಂಬುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ನನ್ನ ಗೆಳತಿಯರೂ ನಂಬಿಲ್ಲ. ಅವರ ತಪ್ಪೂ ಅಲ್ಲ ಬಿಡಿ. ಮಳೆ ಬರುತ್ತಿದೆ ಎಂದು ನಾನು ಹೇಳಿದರೆ ಅವರು ಕಿಟಕಿಯಿಂದ ಕೈ ಚಾಚಿ ನೋಡಿದ ಮೇಲೆಯೇ ಕೊಡೆ ತೆಗೆಯುವುದು. ಆದರೆ ಇದು ಖರೆ. ಕಕ್ಕೇರಾದ ಒಂದು ಓಣಿಯಲ್ಲಿ ಜನ ಪ್ರತಿ ಶ್ರಾವಣ ಪುರಾಣ ಕೇಳಲು ಕೂಡುತ್ತಿದ್ದರು, ಮತ್ತು ನಾನು ಹುಟ್ಟುವ ಮೊದಲಿನಿಂದ ಒಂದೇ ಒಂದು ಹಾಳೆಯನ್ನು ಕೇಳುತ್ತಿದ್ದರು. ತಿಂಗಳು ಪೂರ್ತಿ ಅದೇ ಹಾಳೆ. ಮುಂದಿನ ವರ್ಷ ಮತ್ತೆ ಅದೇ. ಕಟ್ಟೆಯ ಕೆಳಗೆ ಮಲಗುತ್ತಿದ್ದ ಆಡಿಗೂ ಅದು ಬಾಯಿಪಾಠವಾಗಿತ್ತು. ಎಲ್ಲಿ ತಲೆ ಅಲ್ಲಾಡಿಸಬೇಕೋ ಅಲ್ಲೇ ಅಲ್ಲಾಡಿಸುತ್ತಿತ್ತು.

ಇವತ್ತು ಬೆಳಿಗ್ಗೆ ಯಾದಗಿರಿಯ ನಮ್ಮ ಮನೆಯಲ್ಲಿ ಅವ್ವ ಗೋಧಿ ಡಬ್ಬಿ ತೆರೆದಳು. ಹುಳ ಹಿಡಿಯದಿರಲೆಂದು ಹಾಕಿದ್ದ ಬೇವಿನ ಎಲೆ ಒಣಗಿ ಪುಡಿಯಾಗಿತ್ತು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಲಟ್ಟಣಿಗೆ ಕೈಯಲ್ಲಿ ಹಿಡಿದವಳು ಹಾಗೇ ನಿಂತುಬಿಟ್ಟೆ. ಮುತ್ಯಾನ ಪುಸ್ತಕದ ವಾಸನೆ ಅದು.

"ಹಂಚು ಸುಡಾಕತ್ತದ, ಎಲ್ಲಿಗಿ ಹೋದಿ ನೀನು?" ಅಂದಳು ಅವ್ವ.

ಶಹಾಪುರ ದಾಟಿ, ಸುರಪುರ ದಾಟಿ, ಎರಡು ವರ್ಷ ಹಿಂದಕ್ಕೆ ಹೋಗಿದ್ದೆ. ಇದನ್ನು ಅವ್ವನಿಗೆ ಹೇಗೆ ಹೇಳುವುದು? ಚಪಾತಿ ಲಟ್ಟಿಸಿದೆ. ಅದು ಭಾರತದ ನಕಾಶೆಯ ಹಾಗೆ ಬಂತು, ಅಂಡಮಾನ್ ಸಮೇತ.

ಅದು ನಾನು ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಸೇರಿದ ಮಳೆಗಾಲ. ಕಕ್ಕೇರಾದಲ್ಲಿ ಒಬ್ಬನೇ ಇದ್ದ ಮುತ್ಯಾ, ಅಂದರೆ ಅಪ್ಪನ ಅಪ್ಪ, ಕಣ್ಣಿನ ಪೊರೆ ತೆಗೆಸಿಕೊಂಡಿದ್ದ. ಒಂದು ತಿಂಗಳು ಏನನ್ನೂ ಓದಬಾರದು, ಒಲೆಯ ಹೊಗೆಗೆ ಹೋಗಬಾರದು, ಹೊತ್ತು ಹೊತ್ತಿಗೆ ಹನಿ ಹಾಕಿಸಿಕೊಳ್ಳಬೇಕು ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ಹನಿ ಹಾಕುವವರು ಯಾರು? ಅವ್ವ ನನ್ನ ಬಟ್ಟೆ ಚೀಲಕ್ಕೆ ತುಂಬಿದಳು. "ಕಾಲೇಜು?" ಎಂದು ಅಪ್ಪ ಗೋಡೆಗೆ ಮುಖ ಮಾಡಿ ಕೇಳಿದ. "ಒಂದ್ ತಿಂಗಳು ನಿನ್ನ ಮಗಳು ಹೋಗಲಿಲ್ಲಂದ್ರ ಕಾಲೇಜಿಗೇ ಜರಾ ಆರಾಮ ಆಗ್ತದ" ಅಂದಳು ಅವ್ವ.

ಸುರಪುರದಿಂದ ಮುಂದಿನ ಬಸ್ಸಿನಲ್ಲಿ ನಾನು ಸೀಟಿನ ಮೇಲೆ ಕುಳಿತದ್ದಕ್ಕಿಂತ ಗಾಳಿಯಲ್ಲಿ ಇದ್ದದ್ದೇ ಹೆಚ್ಚು. ಇಳಿದ ಮೇಲೆ ಕೆಸರು. ನಮ್ಮ ಕಡೆಯ ಕರಿ ಮಣ್ಣು ನಿಮಗೆ ಗೊತ್ತಲ್ಲ, ಒಮ್ಮೆ ಚಪ್ಪಲಿ ಹಿಡಿದರೆ ಸಂಬಂಧಿಕರ ಹಾಗೆ, ಬಿಡುವುದಿಲ್ಲ. ಮನೆ ಮುಟ್ಟುವಷ್ಟರಲ್ಲಿ ನಾನು ಒಂದು ಮೊಳ ಎತ್ತರವಾಗಿದ್ದೆ. ಮುತ್ಯಾ ಕಟ್ಟೆಯ ಮೇಲೆ ಕರಿ ಕನ್ನಡಕ ಹಾಕಿಕೊಂಡು, ಸಿನಿಮಾದಲ್ಲಿ ಕಳ್ಳಸಾಗಣೆ ಮಾಡುವವರ ಹಿರಿಯನ ಹಾಗೆ ಕುಳಿತಿದ್ದ.

"ಯಾರವ್ವಾ? ಬಸ್ಯಾನ ಮಗಳು ಇಷ್ಟ್ ಎತ್ತರ ಆಗ್ಯಾಳ?"

"ಅರ್ಧ ನಾನು, ಅರ್ಧ ಕೆಸರು ಮುತ್ಯಾ."

ಅವನು ನಕ್ಕ. ಹೊಟ್ಟೆ ಮೊದಲು ನಗುತ್ತಿತ್ತು, ಬಾಯಿ ಆಮೇಲೆ. ಆ ನಗುವಿಗಾಗಿ ನಾನು ಅವತ್ತಿನಿಂದ ಏನು ಬೇಕಾದರೂ ಸೇರಿಸಿ ಹೇಳಲು ತಯಾರಾದೆ.

ಈಗ ಪುಸ್ತಕದ ವಿಷಯ. ಅದಕ್ಕೆ ರಟ್ಟು ಇರಲಿಲ್ಲ, ಮೊದಲ ಹಾಳೆಗಳೂ ಹೋಗಿದ್ದವು, ಹೆಸರು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುತ್ಯಾನ ಅವ್ವನ ಕಾಲದಿಂದ ಬಂದದ್ದು. ಮುತ್ಯಾ ಅದನ್ನು ಓದುವ ನೇಮ ಮಾತ್ರ ಜಗತ್ತಿನಲ್ಲಿ ಬೇರೆ ಎಲ್ಲೂ ಇರಲಿಕ್ಕಿಲ್ಲ. ಹಾಳೆಯಲ್ಲಿ ಏನು ಹೇಳಿದೆಯೋ ಅದರಂತೆ ಬದುಕಿ ತೋರಿಸಿದ ಮೇಲೆಯೇ ಮುಂದಿನ ಹಾಳೆ. ಅಲ್ಲಿಯವರೆಗೆ ತಿರುವುವಂತಿಲ್ಲ. ದಾಟಿ ಬಂದ ಹಾಳೆಯಲ್ಲಿ ಎಡವಿದರೆ ಅದಕ್ಕೂ ಶಿಕ್ಷೆ ಇತ್ತು. ಸಿಟ್ಟು ಮಾಡಬಾರದು ಎಂಬ ಹಾಳೆ ಮುಗಿಸಿ ಎಷ್ಟೋ ಮುಂದೆ ಹೋಗಿದ್ದವನು, ಯಾರದೋ ಎಮ್ಮೆ ಅಂಗಡಿಗೆ ನುಗ್ಗಿ ಬೆಲ್ಲದ ಪೆಂಟೆ ತಿಂದಾಗ ಅದರ ಏಳು ತಲೆಮಾರು ಬೈದು, ಮರುದಿನ ತೆಪ್ಪಗೆ ಸಿಟ್ಟಿನ ಹಾಳೆಗೇ ಮರಳಿ ಬಂದು ಕುಳಿತನಂತೆ. ಎಮ್ಮೆಯೇನೋ ಬೆಲ್ಲ ತಿಂದು ಖುಷಿಯಾಗಿತ್ತು. ಪುರಾಣ ಕೇಳುವವರ ಗತಿ ನೋಡಿ.

ಹೀಗೆ ಬರುತ್ತಾ ಒಂದು ಹಾಳೆ ಬಂತು: ಪರರಿಗೆ ಕೇಡಾಗುವ ಸರಕು ಮಾರಬಾರದು, ಅಂಥ ದುಡಿಮೆಯ ಅನ್ನ ಉಣ್ಣಬಾರದು. ಮುತ್ಯಾನದು ಕಿರಾಣಿ ಅಂಗಡಿ. ಓದಿದ ಮರುದಿನವೇ ಬೀಡಿಯ ಕಟ್ಟು, ಸಿಗರೇಟು, ಗುಟ್ಕಾ ಸರ ಎಲ್ಲ ತಿಪ್ಪೆಗೆ ಹೋದವು. ಹಿಂದೆಯೇ ಗಿರಾಕಿಗಳೂ ಹೋದರು. ಆಗ ಅಂಗಡಿ ನೋಡಿಕೊಳ್ಳುತ್ತಿದ್ದವನು ಅಪ್ಪ, ಅವ್ವನನ್ನು ಮದುವೆಯಾಗಿ ಇನ್ನೂ ಅರಿಸಿನ ಆರಿರಲಿಲ್ಲ. ಮುತ್ಯಾನಿಗೂ ಅಪ್ಪನಿಗೂ ಮಾತಿಗೆ ಮಾತು ಬೆಳೆಯಿತು. ಅಪ್ಪ ಯಾದಗಿರಿಗೆ ಬಂದು ರೈಲು ಸ್ಟೇಷನ್ ಹತ್ತಿರ ಪಾನ್ ಅಂಗಡಿ ಹಾಕಿದ. ಮುತ್ಯಾ ತಿಪ್ಪೆಗೆ ಎಸೆದದ್ದೆಲ್ಲ ಅಲ್ಲಿ ಸಾಲಾಗಿ ತೂಗಿತು. (ಅಪ್ಪನಿಗೂ ಒಂದು ನೇಮವಿದೆ, ಶಾಲೆಯ ಯೂನಿಫಾರ್ಮ್ ಹಾಕಿದವರಿಗೆ ಏನೂ ಕೊಡುವುದಿಲ್ಲ, ದೊಡ್ಡವರ ಹಾಗೆ ಮೀಸೆ ಸವರಿಕೊಂಡು ಬಂದರೂ ಅಟ್ಟುತ್ತಾನೆ. ಈಚೆಗೆ ಆ ಸರಗಳೂ ಮೊದಲಿನಷ್ಟು ತೂಗುವುದಿಲ್ಲ. ಕೇಳಿದರೆ "ಮಾಲು ಬರಂಗಿಲ್ಲ" ಅನ್ನುತ್ತಾನೆ.)

ಸರಿ, ಮುತ್ಯಾ ಆ ಹಾಳೆ ದಾಟಿ, ಇನ್ನಷ್ಟು ದಾಟಿ, ಬಂದು ನಿಂತದ್ದು ನಾನು ಹೇಳಿದ ಆ ಹಾಳೆಗೆ. ಅಲ್ಲಿ ಕುಂಬಾರರ ಹೆಣ್ಣುಮಗಳೊಬ್ಬಳಿಗೆ ಗುರು ಹೇಳುತ್ತಾನೆ: "ಹೊಸ್ತಿಲಿಗೆ ಬಂದವರು ಯಾರೇ ಆಗಲಿ, ಅವರ ಕೈತುತ್ತನ್ನು ಬೇಡವೆನ್ನಬೇಡ." ಆಕೆ ಬುಟ್ಟಿ ಹೊತ್ತು ಹೊರಡುತ್ತಾಳೆ. ಹೊಳೆ ತುಂಬಿ ಬಂದಿರುತ್ತದೆ. ಅಷ್ಟರಲ್ಲಿ ಆಚೆ ದಂಡೆಯಿಂದ ಒಬ್ಬರು ಕೈಯೆತ್ತಿ ಕೂಗಿ...

ಹಾಳೆ ಮುಗಿಯಿತು. ಯಾರು ಕೂಗಿದರು, ಏನೆಂದು ಕೂಗಿದರು, ಎಲ್ಲ ಆಚೆ ಮಗ್ಗುಲಿಗಿತ್ತು. ಮುತ್ಯಾ ತಿರುವುತ್ತಿರಲಿಲ್ಲ, ಯಾಕೆಂದರೆ ಒಬ್ಬ ಮನುಷ್ಯನ ತುತ್ತನ್ನು ಮಾತ್ರ ಅವನು ಬೇಡವೆನ್ನುತ್ತಿದ್ದ. ಆ ಮನುಷ್ಯ ಯಾರೆಂದು ಬಿಡಿಸಿ ಹೇಳಬೇಕೆ? ಅಪ್ಪ ವರ್ಷಕ್ಕೊಮ್ಮೆ ಕಕ್ಕೇರಾಕ್ಕೆ ಬಂದರೂ ಬಸ್‌ಸ್ಟ್ಯಾಂಡ್ ದಾಟುತ್ತಿರಲಿಲ್ಲ. ಅವ್ವ ಕಳಿಸಿದ ಹೋಳಿಗೆಯನ್ನು ಮುತ್ಯಾ ಮುಟ್ಟುತ್ತಿರಲಿಲ್ಲ. "ಛಂದ ಆಗ್ಯಾವಂತ ಹೇಳು ನಿಮ್ಮವ್ವಗ" ಎಂದು ವಾಸನೆಯ ಮೇಲೆಯೇ ಹೇಳಿ ನನ್ನ ಕಡೆ ಸರಿಸುತ್ತಿದ್ದ. ಈ ಹಿರಿಯರ ತತ್ವಗಳ ಜಗಳದಲ್ಲಿ ದಪ್ಪಗಾದವಳು ನಾನೊಬ್ಬಳೇ.

ಮುತ್ಯಾ ಓದುವಂತಿಲ್ಲದ್ದರಿಂದ ಆ ಶ್ರಾವಣ ಓದುವ ಕೆಲಸ ನನಗೆ ಬಂತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕಟ್ಟೆ ತುಂಬುತ್ತಿತ್ತು. ಗದ್ದೆಯಲ್ಲಿ ನಾಟಿ ಮುಗಿಸಿ ಬಂದ ಹೆಂಗಸರು ಸೀರೆಯ ಅಂಚು ಹಿಂಡಿಕೊಂಡು ಕುಳಿತು, ಕುಳಿತಲ್ಲೇ ಗೊರಕೆ ಹೊಡೆಯುತ್ತಿದ್ದರು. ಪುರಾಣಕ್ಕೆ ಬರಿಗೈಲಿ ಬರುವ ಪದ್ಧತಿ ಇರಲಿಲ್ಲ. ಒಬ್ಬರು ಒಂದು ಹಿಡಿ ಚುರುಮುರಿ, ಒಬ್ಬರು ಪುಟಾಣಿ, ಅಂದರೆ ಹುರಿಗಡಲೆ, ಇನ್ನೊಬ್ಬರು ನಾಲ್ಕು ಶೇಂಗಾ. ಎಲ್ಲವನ್ನೂ ಒಂದು ಹಿತ್ತಾಳೆ ಪರಾತಕ್ಕೆ ಸುರಿದು ಕಲಸುತ್ತಿದ್ದರು. ಓದು ಮುಗಿದ ಮೇಲೆ ಮುತ್ಯಾ ಮೊದಲ ಹಿಡಿ ತಿನ್ನಬೇಕು. ಅವನು ತಿಂದರೆ ಪ್ರಸಾದ, ಇಲ್ಲದಿದ್ದರೆ ಬರೀ ಚುರುಮುರಿ.

ಕಲಸುವ ಅಧಿಕಾರ ಎದುರು ಮನೆಯ ಶಾಂತವ್ವನದು. ರೊಟ್ಟಿ ಬಡಿದು ಮಾರುತ್ತಿದ್ದ ಮುದುಕಿ. ಆಕೆಯ ರೊಟ್ಟಿ ಎಷ್ಟು ತೆಳು ಎಂದರೆ ಅದರಾಚೆ ನಿಂತವರ ಗುರುತು ಹಿಡಿಯಬಹುದಿತ್ತು. ಆಕೆಯ ಧ್ವನಿ ಎಷ್ಟು ದೊಡ್ಡದೆಂದರೆ ಆಕೆ ಕಕ್ಕೇರಾದಲ್ಲಿ ಸೀನಿದರೆ ಸುರಪುರದಲ್ಲಿ ಕಾಗೆ ಹಾರುತ್ತಿದ್ದವು. ಅಪ್ಪನನ್ನು ಸಣ್ಣವನಿದ್ದಾಗ ಎತ್ತಿ ಆಡಿಸಿದವಳು.

"ಸಾವ್ಕಾರ್ರ, ಈ ಸಲನರ ತಿರುವ್ತೀರೋ, ಇಲ್ಲಾ ನನ್ನ ಹೊತ್ಕೊಂಡು ಹೋದ ಮ್ಯಾಲ ತಿರುವ್ತೀರೋ?" ಅನ್ನುತ್ತಿದ್ದಳು ಮುತ್ಯಾನಿಗೆ.

"ಅವಸರ ಮಾಡಬ್ಯಾಡವಾ ಶಾಂತವ್ವಾ."

"ಅವಸರ? ಆ ಕುಂಬಾರಾಕಿ ಹೊಳಿ ದಂಡಿಮ್ಯಾಲ ನಿಂತಾಗ ನನ್ನ ಕೂದಲಾ ಕರ್ರಗಿದ್ವು!"

ಆದರೆ ಆಕೆ ಪೂರ್ತಿ ತಮಾಷೆ ಮಾಡುತ್ತಿರಲಿಲ್ಲ. ಓಣಿಯಲ್ಲಿ ಉಳಿದವರಿಗೆ ಆ ಹಾಳೆ ಒಂದು ರೂಢಿ. ಶಾಂತವ್ವನಿಗೆ ಮಾತ್ರ ಅದು ಹಸಿವು. ಆಚೆ ದಂಡೆಯಲ್ಲಿ ಕೂಗಿದವರು ಯಾರು ಎಂದು ಆಕೆಗೆ ನಿಜವಾಗಿಯೂ ತಿಳಿಯಬೇಕಿತ್ತು. ಆಕೆಗೆ ಓದು ಬರುತ್ತಿರಲಿಲ್ಲ.

ನಾನು ಓದಿದ ಚೆಂದ ಕೇಳಿ. ಹೊಳೆ ಬಂದಾಗ ಹೊಳೆಯಾದೆ, ಗಾಳಿ ಬಂದಾಗ ಗಾಳಿ. ಗೊರಕೆಯವರು ಎದ್ದು ಕುಳಿತರು. ಮೂರನೆಯ ಸಂಜೆಗೆ ಹಿಂದಿನ ಓಣಿಯವರೂ ಬಂದರು. ನನಗೆ ನೆಲ ಕಾಣದಾಯಿತು. ಯಾದಗಿರಿಯಲ್ಲಿ ನಾನು ಮಾತಾಡಿದರೆ ಎಲ್ಲರೂ "ಸಾಕು ಬಿಡು" ಅನ್ನುವವರು. ಇಲ್ಲಿ ಒಂದೇ ಹಾಳೆಯನ್ನು ಮತ್ತೆ ಓದು ಅನ್ನುತ್ತಿದ್ದರು. ಅದಕ್ಕೆ ಆ ಹಾಳೆ ತಿರುಗದಿದ್ದರೂ ನನಗೇನೂ ಬೇಸರವಿರಲಿಲ್ಲ. ತಿರುಗದೆ ಇರಲಿ, ಶ್ರಾವಣ ಮುಗಿಯದೆ ಇರಲಿ, ಮುತ್ಯಾನ ಕಣ್ಣು ಸಾವಕಾಶ ವಾಸಿಯಾಗಲಿ ಎಂದೇ ಶಿವನಿಗೆ ಊದುಬತ್ತಿ ಹಚ್ಚುತ್ತಿದ್ದೆ. ಇಂಥ ಬೇಡಿಕೆ ಶಿವನಿಗೂ ಹೊಸದಿರಬೇಕು.

ಒಂದು ಮಧ್ಯಾಹ್ನ ಜಿಟಿಜಿಟಿ ಮಳೆ. ಮುತ್ಯಾ ಒಳಗೆ ಮಲಗಿದ್ದ. ಶಾಂತವ್ವ ಸೆರಗಿನಲ್ಲಿ ಶೇಂಗಾ ಹೋಳಿಗೆ ಮುಚ್ಚಿಕೊಂಡು ಬಂದಳು.

"ಒಂದಾ ಸಾಲು ನೋಡಿ ಹೇಳು ನೀಲವ್ವಾ. ನಾ ಯಾರಿಗೂ ಹೇಳಂಗಿಲ್ಲ."

"ನೀ ಹೇಳಬ್ಯಾಡ ಅಮ್ಮಾ, ಬರೀ ಉಸಿರಾಡಿದ್ರ ಸಾಕು, ಊರಿಗೆಲ್ಲ ಕೇಳಸ್ತದ."

"ಹೋಳಿಗಿ ತಿನ್ನು ಮೊದಲ."

ತಿಂದೆ. ಪುಸ್ತಕ ತೊಡೆಯ ಮೇಲಿಟ್ಟುಕೊಂಡೆ. ಪ್ರತಿ ಶ್ರಾವಣದಲ್ಲಿ ಮುತ್ಯಾ ಆ ಜಾಗದಲ್ಲಿ ಇಟ್ಟಿದ್ದ ಬೇವಿನ ಎಲೆಗಳು ಒಂದರ ಮೇಲೊಂದು ಒಣಗಿದ್ದವು. ಹಾಳೆಯ ತುದಿಗೆ ಬೆರಳು ಹಚ್ಚಿ ಎತ್ತಿದೆ. ಬೆಳಕಿನಲ್ಲಿ ಆಚೆಯ ಅಕ್ಷರಗಳು ಉಲ್ಟಾ ಕಾಣುತ್ತಿದ್ದವು. ಇನ್ನೊಂದು ಚೂರು ಎತ್ತಿದ್ದರೆ ಆಗಿತ್ತು. ಸುಳ್ಳು ಹೇಳಿ ರಜೆ ಹಾಕಿದವಳು ನಾನು, ಪರೀಕ್ಷೆಯಲ್ಲಿ ಪಕ್ಕದವಳ ಪೇಪರನ್ನು ಕತ್ತು ತಿರುಗಿಸದೆ ಓದಬಲ್ಲವಳು. ಆದರೂ ಬೆರಳು ಕೆಳಗಿಳಿಯಿತು. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಒಳಗೆ ಮಲಗಿದ್ದ ಮನುಷ್ಯ ಒಂದು ಜೀವಮಾನ ತಿರುವದೆ ಇಟ್ಟದ್ದನ್ನು ಒಂದು ಹೋಳಿಗೆಗೆ ತಿರುವಲು ಆಗಲಿಲ್ಲ. ಎರಡು ಕೊಟ್ಟಿದ್ದರೆ? ಗೊತ್ತಿಲ್ಲ, ಆಕೆ ಒಂದೇ ತಂದಿದ್ದಳು.

ಬರಿಗೈಲಿ ಕಳಿಸಲು ಮನಸ್ಸಾಗದೆ ಕಥೆಯನ್ನು ನಾನೇ ಮುಂದುವರಿಸಿದೆ. ಕೂಗಿದವನು ಅಂಬಿಗ. ಹೊಳೆಯಲ್ಲಿ ಹನ್ನೆರಡು ಮೊಸಳೆ. ಕುಂಬಾರರಾಕೆ ಒಂದೊಂದು ಮೊಸಳೆಯ ಬಾಯಿಗೂ ಒಂದೊಂದು ಗಡಿಗೆ ತುರುಕಿ, ಅವುಗಳ ಬೆನ್ನ ಮೇಲೆ ಹೆಜ್ಜೆ ಇಟ್ಟು ದಾಟಿದಳು. ಆಚೆ ದಂಡೆಯಲ್ಲಿ ಅವಳ ಸತ್ತುಹೋದ ಅವ್ವ ರೊಟ್ಟಿ ಬಡಿಯುತ್ತಾ ಕಾಯುತ್ತಿದ್ದಳು.

ಶಾಂತವ್ವ ಹೋಳಿಗೆಯ ಪುಡಿ ಕೊಡವಿ ಎದ್ದಳು. "ಎಲ್ಲಾ ಸುಳ್ಳು" ಅಂದಳು. "ಆದ್ರ ಆ ಅವ್ವ ರೊಟ್ಟಿ ಬಡಿಯೋದು, ಅದೊಂದು ಖರೆ ಇದ್ದೀತು." ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆಯೇ ಇಲ್ಲದ ಅಂಗಳದಲ್ಲಿ ಹೊಗೆಯನ್ನು ಬೈಯುತ್ತಾ ಹೋದಳು.

ಸಂಜೆ ಮುತ್ಯಾನ ಕಣ್ಣಿಗೆ ಹನಿ ಹಾಕುತ್ತಿದ್ದೆ. ತಲೆ ಹಿಂದಕ್ಕೆ ಒರಗಿಸಿಕೊಂಡೇ ಕೇಳಿದ: "ಎರಡು ಮೊಸಳಿ ಸಾಕಿತ್ತಲ್ಲವ್ವಾ, ಹನ್ನೆರಡು ಯಾಕ?"

ಎಚ್ಚರವಿದ್ದನಂತೆ! ಹನಿ ಮೂಗಿನ ಮೇಲೆ ಬಿತ್ತು.

"ನೀ ಹಾಳಿ ತಿರುವಲಿಲ್ಲ" ಅಂದ ಆಮೇಲೆ. ಹೊಗಳಲಿಲ್ಲ, ಸುಮ್ಮನೆ ಹೇಳಿದ.

"ನೀ ಯಾವಾಗ ತಿರುವ್ತಿ ಮುತ್ಯಾ?"

"ನನ್ನ ಕೈಲೆ ಆಗಂಗಿಲ್ಲ ಬಿಡು. ಆಂವ ಹೊಸ್ತಿಲಕ ಬರಂಗಿಲ್ಲ. ಬಂದ್ರೂ ಆ ರೊಕ್ಕದ್ದು ನಾ ಉಣ್ಣಂಗಿಲ್ಲ. ಉಣ್ಣಲಿಲ್ಲಂದ್ರ ಈ ಹಾಳಿ ಮುಗ್ಯಂಗಿಲ್ಲ." ಕನ್ನಡಕ ಹುಡುಕಿ ಹಾಕಿಕೊಂಡ. "ಒಂದ್ ಹಾಳಿ ಗಟ್ಟಿ ಹಿಡದ್ರ ಇನ್ನೊಂದು ಕೈಯಾಗಿಂದ ಜಾರ್ತದವ್ವಾ. ಇಷ್ಟು ವರ್ಷ ಓದಿ ನನಗ ತಿಳದಿದ್ದು ಇಷ್ಟಾ."

ಹೊಟ್ಟೆಯಿಂದ ನಗುವ ಮನುಷ್ಯ ಅವತ್ತು ನಗಲಿಲ್ಲ. ಅವತ್ತು ರಾತ್ರಿ ನಾನು ಶಿವನ ಹತ್ತಿರ ನನ್ನ ಬೇಡಿಕೆಯನ್ನು ಸ್ವಲ್ಪ ತಿದ್ದಿದೆ.

ಈಗ ಮುತ್ಯಾನ ಎರಡೂ ಕಣ್ಣು ಚೊಕ್ಕ ಕಾಣುತ್ತವೆ. ತಾನೇ ಓದುತ್ತಾನೆ. ಕಣ್ಣು ಬಂದವು, ನನ್ನ ಕೆಲಸ ಹೋಯಿತು. ಆಮೇಲೆ ಬಂದ ಶ್ರಾವಣದಲ್ಲೂ, ಈ ಶ್ರಾವಣದಲ್ಲೂ ನಾನು ಕಾಲೇಜು, ಟ್ಯೂಷನ್ ಎಂದು ಯಾದಗಿರಿಯಲ್ಲೇ. ಶಾಂತವ್ವ ನಾನು ಓದಿದ ವರ್ಷದ ಚಳಿಗಾಲದಲ್ಲೇ ತೀರಿಕೊಂಡಳು. ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಹನ್ನೆರಡು ಮೊಸಳೆ. ಸದ್ಯ, ಹೇಳಿದ್ದೆ.

ನಾನು ಓದಿದ ಆ ಶ್ರಾವಣದ ಕಡೆಯ ಸಂಜೆಯದೊಂದು ಹೇಳಿಬಿಡುತ್ತೇನೆ.

ಅಪ್ಪ ಐದು ಗಂಟೆಗೆ ಬಸ್‌ಸ್ಟ್ಯಾಂಡಿಗೆ ಬರುತ್ತೇನೆ, ಚೀಲ ಹಿಡಿದು ಬಂದು ನಿಲ್ಲು ಎಂದು ಫೋನಿನಲ್ಲಿ ಹೇಳಿದ್ದ. ಕಡೆಯ ಓದನ್ನು ಬಿಟ್ಟು ನಾನು ಹೋಗುತ್ತೇನೆಯೇ? ಫೋನನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತು, ತಲೆ ಬಾಚಿಕೊಂಡು, ಕಟ್ಟೆಯ ಮೇಲೆ ಕುಳಿತೆ. ಅಡುಗೆಮನೆಯಿಂದ ಹಿಟ್ಟು ಗುಂಯ್‌ಗುಡುವುದು ಆಗಾಗ ಕೇಳುತ್ತಿತ್ತು. ಒಂದೊಂದು ಅಕ್ಷರವನ್ನೂ ಮೊಳದುದ್ದ ಎಳೆದು ಓದುತ್ತಿದ್ದೆ. ಅರ್ಧ ಹಾಳೆಯಾಗಿತ್ತು. ಜನ ತಟ್ಟನೆ ಒಂದು ಕಡೆ ತಿರುಗಿದರು.

ಮೆಟ್ಟಿಲ ಕೆಳಗೆ ಅಪ್ಪ. ಪ್ಯಾಂಟು ಮೊಣಕಾಲಿಗೆ ಮಡಚಿತ್ತು, ಚಪ್ಪಲಿ ಕೆಸರಿನಲ್ಲಿ ಎಲ್ಲೋ ಉಳಿದಿತ್ತು. ಒಂದು ಕೈಯಲ್ಲಿ ಇನ್ನೂ ರಿಂಗ್ ಕೊಡುತ್ತಿದ್ದ ಫೋನು, ಇನ್ನೊಂದರಲ್ಲಿ ಅವ್ವ ಒಗ್ಗರಣೆ ಹಾಕಿ ಕಳಿಸಿದ ಚುರುಮುರಿ ಚೂಡಾದ ಡಬ್ಬಿ. ಮುಖ ನೋಡಿದರೆ ನನಗೆ ಎರಡು ಬೀಳುವುದು ಖಾತ್ರಿ.

ಎಲ್ಲರಿಗಿಂತ ಮೊದಲು ಎದ್ದವಳು ಶಾಂತವ್ವ. "ಬಸ್ಯಾ! ಪುರಾಣಕ್ಕ ಬಂದು ಕೆಳಗ ನಿಂದರ್ತಾರೇನೋ? ಕೊಡಿಲ್ಲಿ ತಂದದ್ದು."

"ಅಮ್ಮಾ, ಬ್ಯಾಡ, ಅವ್ರು..."

ಡಬ್ಬಿಯ ಮುಚ್ಚಳ ಹಾರಿತು. ಚೂಡಾ ಪರಾತಕ್ಕೆ ಬಿತ್ತು. ಶಾಂತವ್ವ ಮೊಣಕೈವರೆಗೆ ಕೈ ಹಾಕಿ, ರೊಟ್ಟಿ ಹಿಟ್ಟು ನಾದಿದ ಹಾಗೆ ಕಲಸಿದಳು. ಊರಿನ ಚುರುಮುರಿ ಯಾವುದು, ಯಾದಗಿರಿಯ ಚೂಡಾ ಯಾವುದು ಎಂದು ಇರುವೆಗೂ ಹೇಳಲಾಗದ ಹಾಗೆ. ಆಮೇಲೆ ಪರಾತ ಮುತ್ಯಾನ ಮುಂದೆ ಸರಿಸಿದಳು.

"ಈಗ ಆರಿಸ್ರಿ ಸಾವ್ಕಾರ್ರ, ನೋಡೂಣು."

ಕಪ್ಪೆಗಳೂ ಸುಮ್ಮನಾದವು. ಇದನ್ನು ನಾನು ಸೇರಿಸಿ ಹೇಳುತ್ತಿಲ್ಲ.

"ಯಾರು ಬಂದಾರ?" ಎಂದ ಮುತ್ಯಾ. ಗೊತ್ತಿತ್ತು ಅವನಿಗೆ. ಪರಾತದ ಅಂಚನ್ನು ಬೆರಳಿನಿಂದ ಸವರುತ್ತಿದ್ದ.

ನಾನು ಹಾಳೆಯಲ್ಲಿ ಮತ್ತೆ ಮೇಲಕ್ಕೆ ಹೋಗಿ, ಓದಿ ಮುಗಿಸಿದ್ದ ಸಾಲನ್ನೇ ಓದಿದೆ: "ಹೊಸ್ತಿಲಿಗೆ ಬಂದವರು ಯಾರೇ ಆಗಲಿ..."

ಮುತ್ಯಾ ಒಂದು ಹಿಡಿ ತೆಗೆದುಕೊಂಡ. ಬಾಯಿಗೆ ಹಾಕಿದ. ಅಗಿದ. ಅವನು ಅಗಿಯುವ ಸದ್ದು ಕಟ್ಟೆಯ ತುದಿಯವರೆಗೂ ಕೇಳಿತು.

"ಉಪ್ಪು ಜರಾ ಹೆಚ್ಚಾಗ್ಯಾದ" ಅಂದ, ಯಾರಿಗೋ ಎಂಬಂತೆ.

"ಆಕಿ ಯಾವಾಗ್ಲೂ ಹಂಗಾ ಹಾಕ್ತಾಳ" ಅಂದ ಅಪ್ಪ.

ನಾನು ಹುಟ್ಟಿದ ಮೇಲೆ ಅವರಿಬ್ಬರು ಆಡಿದ ಮೊದಲ ಮಾತು ಅದು. ಅವ್ವನ ಉಪ್ಪಿನ ಬಗ್ಗೆ. ಅವ್ವನಿಗೆ ಇವತ್ತಿಗೂ ಹೇಳಿಲ್ಲ.

"ತಿರುವು ಹುಡುಗಿ!" ಶಾಂತವ್ವ ಚೀರಿದಳು. "ಉಂಡ್ರು! ಎಲ್ಲಾರೂ ನೋಡೀರಿ! ತಿರುವು!"

ಇಡೀ ಕಟ್ಟೆ ನನ್ನ ಮೇಲೆ ಬಾಗಿತು. ಆಡು ಕೂಡ ಎದ್ದು ನಿಂತಿತು. ಹಾಳೆಯ ತುದಿ ಹಿಡಿದೆ.

"ತಿರುವವ್ವಾ" ಅಂದ ಮುತ್ಯಾ. "ಮುಂದಕಲ್ಲ. ಹಿಂದಕ."

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಮುತ್ಯಾ ಬಾಯಿ ಒರೆಸಿಕೊಂಡ. "ಈ ಹಾಳಿ ಉಳೀತು, ಖರೆ. ಆದ್ರ ಆ ರೊಕ್ಕದ್ದು ಉಂಡೆ. ಹಿಂದಿಂದು ಮುರೀತಲ್ಲ. ಅಲ್ಲಿಂದಾ ಮತ್ತ ಶುರು."

"ಅಯ್ಯ ಶಿವನ!" ಶಾಂತವ್ವ ಹಣೆ ಬಡಿದುಕೊಂಡಳು. "ಆಕಿ ಕಾಲು ಬಾವು ಬಂದು ಸಾಯ್ತಾಳಲ್ರೀ ಹೊಳಿ ದಂಡಿಮ್ಯಾಲ!" ಎಂದವಳು ತಾನೇ ನಗತೊಡಗಿದಳು. ಮುತ್ಯಾನ ಹೊಟ್ಟೆ ಕುಲುಕಿತು, ಆಮೇಲೆ ಬಾಯಿ.

ನಾನು ಹಿಂದಕ್ಕೆ ತಿರುವುತ್ತಾ ಹೋದೆ. ಒಣ ಬೇವಿನ ಎಲೆಗಳು ಪುಡಿಯಾಗಿ ಮಡಿಲಿಗೆ ಉದುರಿದವು. ಆ ಹಾಳೆ ಸಿಕ್ಕಿತು. ಅಪ್ಪ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತಿದ್ದ, ಮೇಲೆ ಬಂದಿರಲಿಲ್ಲ, ಹೋಗಿಯೂ ಇರಲಿಲ್ಲ. "ಪರರಿಗೆ ಕೇಡಾಗುವ ಸರಕನ್ನು..." ಎಂದು ಶುರುಮಾಡಿದೆ. ಹೊಳೆಯಾಗಿ, ಗಾಳಿಯಾಗಿ ಮೆರೆದ ನನ್ನ ಧ್ವನಿ ಸೊಳ್ಳೆಯಷ್ಟಾಯಿತು. ಅಪ್ಪ ತನ್ನ ಅಂಗೈ ನೋಡಿಕೊಳ್ಳುತ್ತಾ ಕೊನೆಯ ಸಾಲಿನವರೆಗೂ ಕೇಳಿದ. ನನಗೆ ಇನ್ನೂ ಓದಬೇಕಿತ್ತು, ಆ ಹಾಳೆಯನ್ನೇ ಬೆಳಗಾಗುವ ತನಕ, ಮುಂದಿನ ಶ್ರಾವಣದ ತನಕ.

ಅಪ್ಪ ಮೆಟ್ಟಿಲು ಹತ್ತಿ ಒಳಗೆ ಬಂದ. ನನ್ನ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡ.

"ಸಾಕವ್ವಾ, ಮುಚ್ಚು. ಬಸ್ ಹೋಗ್ತದ."

ಮುತ್ಯಾ ಒಂದು ಹಸಿ ಬೇವಿನ ಎಲೆ ಕೊಟ್ಟ. ಅದನ್ನು ಇಟ್ಟು, ಮುಚ್ಚಿದೆ.